ಅಂಗೇ ಕಾಣ್ತದೆ ಮಿಸ್ಸು

ಯಾವಾಗ ಗೊತ್ತಾಯ್ತು ಅಂದ್ರೆ... ಇದೇನು ಪ್ರಶ್ನೆ ಪ್ರಮೀಳಾ? ಎಂಟು ವರ್ಷ ಆದ್ಮೇಲೆ ಬಂದಿದ್ದೀಯ. ದೇವಲಾಪುರದ ಕಡೆಯಿಂದ ಪಾಂಡವಪುರಕ್ಕೆ, ಒಬ್ಳೇ, ಕೋಲು ಹಿಡ್ಕೊಂಡು, ಎರಡು ಬಸ್ಸು ಬದಲಾಯಿಸ್ಕೊಂಡು... ಬಂದವಳು ಕೂತ್ಕೊಳಕ್ಕೆ ಮುಂಚೆ ಇದಾ ಕೇಳೋದು? "ನನ್ ಕಣ್ಣು ಹೋಗ್ತಾ ಅದೆ ಅಂತ ನಿಮ್ಗೆ ಯಾವಾಗ ಗೊತ್ತಾಯ್ತು ಮಿಸ್ಸು" ಅಂತ! ಎಲ್ರಿಗೂ ಗೊತ್ತಾದಾಗ್ಲೇ ನನ್ಗೂ ಗೊತ್ತಾಗಿದ್ದು. ನಾನೇನು ಡಾಕ್ಟ್ರಾ? ಏಳನೇ ಕ್ಲಾಸಿಗೆ ಇಂಗ್ಲಿಷ್ ಹೇಳ್ಕೊಟ್ಟ ದಿಲ್ಷಾದ್ ಮಿಸ್ಸು ಕಣವ್ವ, ಅಷ್ಟೇ.

ಟೀ ತಗೋ. ನಿನ್ ಬಲಗೈ ಪಕ್ಕದಲ್ಲೇ ಅದೆ. ಬಿಸಿ, ನಿಧಾನ.

ಬ್ಯಾಡ್ವಾ? ಸರಿ ಬುಡು.

ಅಲ್ಲಾ, ನೆಪ್ಪದಾ ನಿಂಗೆ, ಆ ಸಿಮಿಲಿ ಪಾಠ, ಒಂದನ್ನ ಇನ್ನೊಂದಕ್ಕೆ ಹೋಲ್ಸಿ ಹೇಳೋದು? "ಸಿಮಿಲಿ ಅಂದ್ರೆ ಯಾವ ಊರ ಹುಡುಗಿ ಮಿಸ್ಸು" ಅಂತ ತಮ್ಮಯ್ಯ ಕೇಳಿದ್ದ. ಕ್ಲಾಸೆಲ್ಲ ಗೊಳ್ಳಂತ ನಕ್ತು. ಪುಸ್ತಕದಲ್ಲಿ ಏನಿತ್ತು? "ಸ್ನೋ ಥರ ಬೆಳ್ಳಗೆ" ಅಂತ. ನಿಮ್ಗೆಲ್ಲ ಸ್ನೋ ಅಂದ್ರೆ ಮುಖಕ್ಕೆ ಬಳ್ಕೊಳ್ಳೋ ಸ್ನೋ! ಹಿಮ ಅಂತ ಬಿಡಿಸಿ ಹೇಳಿದ್ರೆ, ಅದನ್ನ ಕಂಡೋರು ಯಾರು ನಮ್ಮ ಕಡೆ? ತಲೆ ಚಚ್ಕೊಂಡು, ಪುಸ್ತಕ ಮುಚ್ಚಿ, "ನೀವೇ ಕಣ್ಣಾರೆ ಕಂಡಿದ್ದು ಬರ್ಕೊಂಡು ಬನ್ರೋ" ಅಂದೆ.

ಎಲ್ಲ ಮಕ್ಳೂ ಒಂದೇ ಬರ್ದಿದ್ವು. ಅಪ್ಪ ಸಿಂಹದ ಥರ, ಅವ್ವ ಹಸು ಥರ. ನೀನೊಬ್ಳು... ಯಾ ಅಲ್ಲಾ! ಇವತ್ತಿಗೂ ಬಾಯಲ್ಲೇ ಅದೆ. "ಬಲ್ಬು ಬಣ್ಣದ ಬಳೆ ತೊಟ್ಕೊಂಡದೆ. ಬೆಳಿಗ್ಗೆ ಬೋರ್ಡಿನ ಮೇಲೆ ಯಾರೋ ಮಜ್ಜಿಗೆ ಚೆಲ್ತಾರೆ. ರಸ್ತೆ ಒಂದು ಪೈಪು. ಬಸ್ಸು ಪೈಪಿನೊಳಗಿಂದ ಬತ್ತದೆ." ಓದಿ ನನ್ ಮೈ ಜುಮ್ಮಂತು ಕಣೇ. ಹದಿನೆಂಟು ವರ್ಷದ ಸರ್ವೀಸಲ್ಲಿ ಅಂಥದ್ದು ಓದಿರ್ನಿಲ್ಲ. ಎಲ್ಲೆಲ್ಲಿ "ಲೈಕ್" ಇಲ್ವೋ ಅಲ್ಲೆಲ್ಲ ಕೆಂಪು ಪೆನ್ನಲ್ಲಿ ನಾನೇ ತೂರಿಸ್ದೆ. ಬಲ್ಬಿನ ಬೆಳಕು ಬಳೆ *ಥರ* ಅದೆ. ಹತ್ತಕ್ಕೆ ಹತ್ತು.

ಹೂಂ. ಹೂಂ, ನೀನು ಅಂದೆ. ನೆಪ್ಪದೆ. "ಥರ ಅಲ್ಲ ಮಿಸ್ಸು, ಅಂಗೇ ಕಾಣ್ತದೆ" ಅಂದೆ. ಮಕ್ಳು ಅಂತಾವಪ್ಪ! ಹನ್ನೆರಡು ವರ್ಷದ ಮಗು "ಚಂದ್ರ ನನ್ ಹಿಂದೇನೇ ಬತ್ತಾನೆ" ಅಂದ್ರೆ ಆಸ್ಪತ್ರೆಗೆ ಕರ್ಕೊಂಡೋಗಕ್ಕಾಯ್ತದಾ?

ಯಾಕೆ ನಗ್ತಾ ಇದ್ದೀಯ? ನಗಬ್ಯಾಡ ಅಂಗೆ.

ನೋಡು, ನಿನ್ಗೆ ಗೊತ್ತಿಲ್ಲ ಆ ಸ್ಟಾಫ್ ರೂಮು ಏನು ಅಂತ. "ಈಯಮ್ಮ ಉರ್ದು ಸ್ಕೂಲಿಗೆ ಹೋಗ್ಬೇಕಿತ್ತು, ಇಂಗ್ಲಿಷ್ ಯಾಕೆ ಇವ್ರಿಗೆ" ಅಂತ ಶಂಕರ್ ಮೇಷ್ಟ್ರು ನನ್ ಎದುರಿಗೇ ಅನ್ನೋರು. ಅಂಥದ್ರಲ್ಲಿ ಸ್ಕೂಲು ಮಕ್ಕಳ ಇಂಗ್ಲಿಷ್ ಸ್ಪರ್ಧೆಲಿ ನಿನ್ ಸಾಲು ಓದ್ಕೊಂಡು ತಾಲೂಕಿಗೆ ಫಸ್ಟು ಬಂದ್ವಿ. ಸಾಹೇಬ್ರು ಮೈಕಲ್ಲಿ ನನ್ ಹೆಸ್ರು ಹೇಳಿದ್ರು. ಜನ ಚಪ್ಪಾಳೆ ತಟ್ಟಿದ್ರು ಪ್ರಮೀಳಾ, ನನ್ಗೆ! ಜಿಲ್ಲೆದು ಗುರುವಾರ ಮಂಡ್ಯದಲ್ಲಿ ಇತ್ತು.

ಬುಧವಾರಾನಾ? ಬುಧವಾರ ಏನೂ ಇರ್ನಿಲ್ಲ. ಆರೋಗ್ಯ ಇಲಾಖೆಯೋರು ಮಕ್ಕಳನ್ನ ನೋಡಕ್ಕೆ ಬಂದಿದ್ರು, ವರ್ಷವರ್ಷ ಬಂದಂಗೆ. ನೀನು ಅವತ್ತು ಬಂದೇ ಇರ್ನಿಲ್ಲ. ಜ್ವರ ಅಂತ ನಿಮ್ಮವ್ವ ಚಿಕ್ಕಬೋರಮ್ಮ ಹೇಳಿ ಕಳ್ಸಿದ್ರು...

ಯಾಕೆ ಅಂಗೆ ತಲೆ ಅಲ್ಲಾಡಿಸ್ತೀಯ?

ಬಂದಿದ್ಯಾ? ಇರ್ಬೌದು. ಹೂಂ, ಬಂದಿದ್ದೆ ಅಲ್ವಾ... ಬಿಸಿಯೂಟದ ಸಾಮಾನಿನ ರೂಮಲ್ಲಿ, ಬೇಳೆ ಮೂಟೆ ಮೇಲೆ ಕೂತ್ಕೊಂಡು ಬಾಯಿಪಾಠ ಮಾಡ್ತಿದ್ದೆ. ನಾನೇ ಕೂರ್ಸಿದ್ದೆ. ಗಲಾಟೆ ಇರಕಿಲ್ಲ, ಚೆನ್ನಾಗಿ ಕಲೀತಾಳೆ ಅಂತ. ಬಾಗ್ಲು ಹಾಕಿದ್ದಾ? ಹಾಕಿದ್ದೆ. ಇಲಿ ಬತ್ತಾವೆ ಅಂತ...

ಕೋಲು ಯಾಕೆ ತಗೋತೀಯ? ಕೂತ್ಕೋ, ಹೋಗಬ್ಯಾಡ.

ನನ್ಗೆ ಬ್ಯಾಸ್ರ ಆಗಿಲ್ವಾ? ಎಂಟನೇ ಕ್ಲಾಸಲ್ಲಿ ಪಕ್ಕದಿಂದ ಬಂದ ಮೊಪೆಡ್ಡು ಕಾಣ್ದೆ ನೀನು ಬಿದ್ಯಲ್ಲ, ಮೈಸೂರಿಗೆ ಕರ್ಕೊಂಡೋದ್ರಲ್ಲ, ಅಲ್ಲಿ ಡಾಕ್ಟ್ರು "ಕಣ್ಣೊಳಗೆ ಒತ್ತಡ ಏರಿ ನರ ಒಣಗೋಗ್ಬುಟ್ಟದೆ, ವರ್ಷದ ಮುಂಚೆ ಬಂದಿದ್ರೆ ಡ್ರಾಪ್ಸ್ ಹಾಕಿ ನಿಲ್ಲಿಸ್ಬೌದಿತ್ತು" ಅಂದ್ರಲ್ಲ... ಅವತ್ತು ಮನೇಗೆ ಬಂದು ಅನ್ನ ಮುಟ್ಟಿರ್ನಿಲ್ಲ ನಾನು. ಆಮೇಲೆ ನಿಮ್ಮವ್ವ ಸ್ಕೂಲಿಗೆ ಬಂದು ನನ್ ಕೈ ಹಿಡ್ಕೊಂಡು ಅತ್ರು. "ನನ್ ಮಗ್ಳ ಕಿಮ್ಮತ್ತು ಗೊತ್ತಿದ್ದಿದ್ದು ನಿಮ್ಗೊಬ್ರಿಗೇ ಮಿಸ್ಸು" ಅಂದ್ರು. ಒಂದು ಬಾಳೆಗೊನೆ ತಂದಿದ್ರು. ತಗೊಂಡೆ. ಬ್ಯಾಡ ಅನ್ನಕ್ಕಾಯ್ತದಾ?

ನೀನು ಅಂಗೆ ಮುಖ ಇಟ್ಕೊಂಡ್ರೆ ನಾನೇನು ಹೇಳ್ಲಿ... ಕಣ್ಣು ಕಾಣಕಿಲ್ಲ, ಆದ್ರೂ ನನ್ನೇ ನೋಡ್ತಿದ್ದೀಯ.

ಮಂಗಳವಾರ.

ಮಂಗಳವಾರ ಮಧ್ಯಾಹ್ನ ಗೊತ್ತಾಯ್ತು. ಟೀಮು ಬರಕ್ಕೆ ಮುಂಚೆ ಕಣ್ಣಿನ ಚಾರ್ಟು ಓದ್ಸಿ ಇಟ್ಟಿರಿ ಅಂತ ನಮ್ಗೇ ಹೇಳಿದ್ರು. ಎಲ್ರನ್ನೂ ಓದ್ಸ್ದೆ. ನೀನು ಎರಡನೇ ಸಾಲಿಗೇ ನಿಂತೋದೆ. "ಮಜ್ಜಿಗೆ ಮಿಸ್ಸು" ಅಂದೆ. ಬಳೆ, ಮಜ್ಜಿಗೆ, ಪೈಪು, ಎಲ್ಲ ಒಂದೇ ಸಲಕ್ಕೆ ಅರ್ಥ ಆಗೋಯ್ತು. ಆದ್ರೂ "ಸರಿಯಾಗೇ ಅದೆ, ಹೋಗು" ಅಂದೆ. ನಿನ್ಗೂ ನೆಪ್ಪದೆ ಅದು. ಅದಕ್ಕೇ ಬಂದಿದ್ದೀಯ.

ಬುಧವಾರ ಡಾಕ್ಟ್ರು "ಒಂದು ಮಗು ಕಮ್ಮಿ ಅದಲ್ಲ" ಅಂದ್ರು. "ಜ್ವರ ಸರ್" ಅಂದೆ. "ಚಾರ್ಟು ಓದ್ಸಿದ್ದೀರಾ?" "ಓದ್ಸಿದ್ದೀನಿ ಸರ್." "ಅಂಗಾದ್ರೆ ನೀವೇ ತುಂಬಿಬುಡಿ" ಅಂತ ಕಾರ್ಡು ಕೊಟ್ರು. ತುಂಬಿದೆ. ದೃಷ್ಟಿ, ಸರಿಯಾಗಿದೆ. ಅದೇ ಕೆಂಪು ಪೆನ್ನು ಕೈಲಿತ್ತು, ಅದನ್ನ ಇಟ್ಟು ನೀಲಿ ತಗೊಂಡು ಬರ್ದೆ.

ಡಾಕ್ಟ್ರು ಕಾಯಿಲೆ ಅಂದ್ಬುಟ್ರೆ ಅದು ಸಿಮಿಲಿ ಆಗಿರಕಿಲ್ಲ ಕಣವ್ವ. ಬರೀ ಕಾಯಿಲೆ ಆಗೋಯ್ತದೆ. ಬರೀ ಕಾಯಿಲೆಗೆ ಮಂಡ್ಯದಲ್ಲಿ ಯಾರು ಚಪ್ಪಾಳೆ ತಟ್ತಾರೆ? ಒಂದು ದಿನ, ಗುರುವಾರ ಒಂದು ಕಳೀಲಿ, ಶುಕ್ರವಾರ ನಿಮ್ಮವ್ವಂಗೆ ಹೇಳಾನ ಅಂದ್ಕೊಂಡೆ. ಕಸಮ್ ಪ್ರಮೀಳಾ, ಅಂದ್ಕೊಂಡಿದ್ದೆ.

ಶುಕ್ರವಾರ ಸ್ಕೂಲಲ್ಲಿ ನಿನ್ಗೆ ಹಾರ ಹಾಕಿದ್ರು. ಶಂಕರ್ ಮೇಷ್ಟ್ರು ನನ್ಗೆ ಕುರ್ಚಿ ಎಳ್ದು ಹಾಕಿದ್ರು. ನಿಮ್ಮವ್ವ ಮೊದಲ್ನೇ ಸಾಲಲ್ಲೇ ನಿಂತಿದ್ರು, ನನ್ಗೆ ಕೈ ಮುಗ್ದು ನಕ್ರು.

ಹೇಳ್ನಿಲ್ಲ.