ಬಾಕಿ ಉಳಿದ ವೈವಾ

ಎಂಬತ್ತೈದನೇ ಇಸವಿಯ ಮಾತು. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಹೆಬ್ಬೂರಿಗೆ ಹೊರಟ ಒಬ್ಬ ಹೆಂಗಸು, ಅವರನ್ನು ಬಸ್ಸು ಹತ್ತಿಸಲು ಬಂದ ಒಬ್ಬ ಯುವಕ.

"ಕಾಲೇಜಲ್ಲಿ ಕೇಳಿದ್ಯೇನಪ್ಪ, ನಾಗಭೂಷಣ?"

"ಕೇಳ್ದೆ ಅಮ್ಮ. ಗಿರಿಧರ ತೀರ್ಕೊಂಡ ಅಂತಾನೂ ಹೇಳ್ದೆ. ಡಿಗ್ರಿ ಕೊಡಕ್ಕಾಗಲ್ವಂತೆ."

"ಎಲ್ಲಾ ಪಾಸಾಗಿದ್ನಲ್ಲ ನನ್ ಮಗ."

"ಪರೀಕ್ಷೆ ಪಾಸಾಗಿದ್ದ, ಥೀಸಿಸ್ಸೂ ಕೊಟ್ಟಿದ್ದ. ಆದ್ರೆ ಕಂಪ್ಯೂಟರ್ ಎಂ.ಟೆಕ್‌ಗೆ ವೈವಾ ಆಗ್ಲೇಬೇಕು. ಮೇಷ್ಟ್ರುಗಳ ಮುಂದೆ ಕೂತು, ಕೇಳಿದ್ದಕ್ಕೆಲ್ಲ ಬಾಯಲ್ಲಿ ಉತ್ತರ ಹೇಳ್ಬೇಕು."

"ನನ್ ಮುಂದೆ ಹೇಳಿದ್ನಲ್ಲಪ್ಪ. ರಜಕ್ಕೆ ಬಂದಾಗ ದಿನಾ ಸಂಜೆ ನನ್ನ ಕುರ್ಚಿ ಮೇಲೆ ಕೂರಿಸಿ, ನೀನೇ ಮೇಷ್ಟ್ರು, ಕೇಳಮ್ಮ ಅಂತಿದ್ದ."

"ನೀವೇನ್ ಕೇಳ್ತಿದ್ರಿ?"

"ನಂಗೇನ್ ಗೊತ್ತು. ಇದ್ರಿಂದ ಜನಕ್ಕೇನು ಉಪಯೋಗ ಅಂತಿದ್ದೆ. ಮೊದ್ಲು ನಗ್ತಿದ್ದ. ಆಮೇಲೆ ಕೈ ಆಡಿಸ್ಕೊಂಡು ಹೇಳ್ತಾನೇ ಇರ್ತಿದ್ದ. ಒಂದೂ ತಿಳೀತಿರ್ಲಿಲ್ಲ, ತಲೆ ಆಡಿಸ್ತಿದ್ದೆ."

ಯುವಕ ತಲೆ ತಗ್ಗಿಸಿದ.

"ನಿಂದ್ಯಾವಾಗ ವೈವಾ?"

"ನಾಳೆ ಅಮ್ಮ."

ಆಕೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು.

"ಹೇಳು ನೋಡಣ. ಇದ್ರಿಂದ ಜನಕ್ಕೇನು ಉಪಯೋಗ?"

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಆಕೆ ಕಾದರು.

ಯಾವತ್ತೂ ಹೊತ್ತಿಗೆ ಬರದ ಹೆಬ್ಬೂರು ಬಸ್ಸು ಅವತ್ತು ಸರಿಯಾಗಿ ಬಂದು ನಿಂತಿತು. ಆಕೆ ಹತ್ತಿ, ಕಿಟಕಿಯಿಂದ ಬಗ್ಗಿ ಹೇಳಿದರು:

"ನಾಳೆ ಹಿಂಗಾದ್ರೆ ಹೆದರ್ಬೇಡ ಕಣಪ್ಪ. ಒಂದ್ ಲೋಟ ನೀರು ಕೇಳು. ಅವ್ನಿಗೂ ಹಂಗೇ ಹೇಳ್ಕೊಟ್ಟಿದ್ದೆ."