ಮಹಡಿ ಕೋಣೆಯ ಫ್ಯೂಸು

ನಿನ್ನೆ, ಶನಿವಾರ, ಜುಲೈ ಹದಿನೇಳು, ಸಂಜೆ ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಫ್ಯೂಸು ಹೋದದ್ದು, ಬಾಯಮ್ಮ. ಗಡಿಯಾರ ನೋಡಿದ್ದೇನೆ. ಫ್ಯಾನು ನಿಧಾನ ಆಯಿತು, ನಿಂತಿತು... ಹೌದು, ನಿಮಗೆ ಆಗಲೇ ಹೇಳಬಹುದಿತ್ತು. ನೀವು ಹಿತ್ತಲಲ್ಲಿ ಹಂದಿಗೆ ತಿನ್ನಲು ಹಾಕುತ್ತಿದ್ದಿರಿ. ಆಮೇಲೆ ನಿಮ್ಮ ತೇರ್ಸದ ಹೊತ್ತು. ಜಪಮಣಿ ಹಿಡಿದು ಮೊಣಕಾಲೂರಿದವರ ಹತ್ತಿರ ಬಂದು ಫ್ಯೂಸು ಹೋಯಿತು, ಫ್ಯೂಸು ಹೋಯಿತು ಅಂದರೆ ಚೆಂದವಾ? ಅದಕ್ಕೆ ಸುಮ್ಮನಿದ್ದೆ. ಮೇಣದಬತ್ತಿ ಇತ್ತು.

ಮೊದಲು ಆ ಕೊಡೆ ಕೆಳಗಿಡಿ. ಇಗರ್ಜಿಯಿಂದ ಬಂದವರು ಹಾಗೇ ಬೋರ್ಡಿನ ಎದುರು ನಿಂತಿದ್ದೀರಿ. ಸೀರೆಯ ಅಂಚಿನಿಂದ ನೀರು ಇಳಿಯುತ್ತಾ ಉಂಟು. ಕರೆಂಟಿನ ಹತ್ತಿರ ಒದ್ದೆಯಲ್ಲಿ ನಿಲ್ಲಬಾರದು. ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ನಾನು ಮೊದಲ ದಿನ ಹೇಳುವುದು ಇದನ್ನೇ.

ಯಾಕೆ ನಗುತ್ತೀರಿ?

ನಗಲಿಲ್ಲವಾ... ನಕ್ಕ ಹಾಗೆ ಕಂಡಿತು.

ಹೆದರುವಂಥದ್ದು ಎಂತದ್ದೂ ಇಲ್ಲ. ಮೊನ್ನೆ ಶುಕ್ರವಾರ ಹಾಕಿದ ಹೊಸ ಬೋರ್ಡು. ಆರು ಫ್ಯೂಸು. ಒಂದೊಂದರ ಕೆಳಗೆ ವಯರಿಂಗಿನ ಮೊಯಿದಿನಬ್ಬ ಬಿಳಿ ಪೈಂಟಿನಲ್ಲಿ ಬರೆದಿದ್ದಾನೆ, ನೋಡಿ. ಅಡಿಗೆ, ಹಾಲ್, ನೀವು ಜಪ ಮಾಡುವ ಆಲ್ತಾರ್, ಕೋಣೆ ಒಂದು, ಕೋಣೆ ಎರಡು, ಮಹಡಿ. ಆ ಎರಡು ಕೋಣೆ ನಿಮ್ಮ ಬಾಡಿಗೆಯ ಮೆಡಿಕಲ್ ಹುಡುಗರದ್ದು. ಮಹಡಿ ಎಂದರೆ ನಾನು. ಮಹಡಿಯದ್ದು ಮಾತ್ರ ಕಪ್ಪಾಗಿದೆ. ಉಳಿದ ಐದೂ ಸರಿ ಉಂಟು.

ಮಳೆ, ಬಾಯಮ್ಮ. ಮಳೆಯ ಥಂಡಿ. ಹಂಚಿನ ಸಂದಿಯಿಂದ ಒಂದು ಹನಿ ವಯರಿಗೆ ಇಳಿದರೆ ಸಾಕು... ಎಂತ, ಮಹಡಿ ಸೋರುವುದಿಲ್ಲವಾ? ಮೇ ತಿಂಗಳಲ್ಲಿ ಹಂಚು ತಿರುಗಿಸಿದ್ದೀರಿ. ಹೌದು. ನಾನೇ ಏಣಿ ಹಿಡಿದದ್ದು. ಹಾಗಾದರೆ ಇಲಿ. ಇಲಿ ವಯರು ಕಡಿಯುತ್ತದೆ. ಹೊಸ ವಯರಾದರೂ ಕಡಿಯುತ್ತದೆ. ಇಲಿಗೆ ಹೊಸತು ಹಳತು ಎಂತ ಗೊತ್ತು?

ಹಳೆಯ ಪೆಟ್ಟಿಗೆ ಇದ್ದಾಗ ಈ ರಗಳೆ ಇರಲಿಲ್ಲ. ಇಡೀ ಮನೆಗೆ ಒಂದೇ ಫ್ಯೂಸು. ಹೋದರೆ ಎಲ್ಲರಿಗೂ ಹೋಯಿತು. ಯಾರಿಂದ ಹೋಯಿತು ಅಂತ...

ಅಲ್ಲ, ನಾನು ಹೇಳಲಿಕ್ಕೆ ಹೊರಟದ್ದು ಬೇರೆ. ಹೊಸತು ಹಾಕಿಸಿ ಎಂದು ಹೇಳಿದವನೇ ನಾನಲ್ವಾ? ಈ ಎಂಬತ್ತೆರಡನೇ ಇಸವಿಯಲ್ಲೂ ಮರದ ಪೆಟ್ಟಿಗೆ! ನಿಮ್ಮ ಪಾಸ್ಕಲ್ ಪೊರ್ಬುಗಳು ಮದುವೆಯ ವರ್ಷ ಹಾಕಿಸಿದ್ದು. ಅವರು ತೀರಿಕೊಂಡು ಹತ್ತು ವರ್ಷ ಆದರೂ ನೀವು ಅದಕ್ಕೆ ಕೈ ಹಾಕಲು ಬಿಟ್ಟಿರಲಿಲ್ಲ. ಒಳಗಿನ ಪಿಂಗಾಣಿ ಒಡೆದು, ಮರ ಕರಟಿ ಹೋಗಿತ್ತು. ನಾನು ತೋರಿಸಿದೆ. ಬೆಂಕಿ ಬಿದ್ದೀತು ಎಂದೆ. ನೀವು ಒಪ್ಪಿದಿರಿ. ಬಿಎಸ್ಸಿ ಓದಿದವನ ಮಾತು ಎಂದು ಒಪ್ಪಿದಿರಿ.

ಆದರೆ ಮೊಯಿದಿನಬ್ಬ ಹೀಗೆ ಕೋಣೆಗೊಂದು ಫ್ಯೂಸು ಇಡುತ್ತಾನೆ ಎಂದು ನಾನು... ಒಂದೇ ದೊಡ್ಡದು ಇಡುತ್ತಾನೆ ಎಂದು ತಿಳಿದಿದ್ದೆ. ಅವನು ಏಣಿಯ ಮೇಲೆ ಕೂತು ನನಗೆ ಹೇಳುತ್ತಾನೆ, "ಮಾಸ್ಟ್ರೆ, ಇನ್ನು ಕಳ್ಳ ಯಾವ ಕೋಣೆಯಲ್ಲಿ ಅಂತ ಬೋರ್ಡೇ ಹೇಳ್ತದೆ!" ನೀವೂ ನಕ್ಕಿರಿ. ನಾನೂ ನಕ್ಕೆ.

ತಪ್ಪು ಅವನದ್ದೇ ಬಾಯಮ್ಮ. ಮೊಯಿದಿನಬ್ಬನದ್ದು. ಮಹಡಿಗೆ ಸಪೂರದ ಫ್ಯೂಸ್ ವಯರು ಹಾಕಿದ್ದಾನೆ. ಎರಡು ಆಂಪಿಯರಿನದ್ದು. ಕೂದಲಿನ ಹಾಗೆ! ಇಷ್ಟು ಸಪೂರದ್ದು ಯಾರಾದರೂ...

ಎಂತ ತೋರಿಸುತ್ತೀರಿ? ಬೋರ್ಡಿನ ಬಾಗಿಲಿನ ಒಳಗಾ?

ಅದು ಚೀಟಿ. ಯಾವ ಕೋಣೆಯಲ್ಲಿ ಎಂತೆಂತ ಉಂಟು ಎಂದು ಅವನು ಕೇಳಿದ್ದ, ಅದಕ್ಕೆ ತಕ್ಕ ವಯರು ಹಾಕಲಿಕ್ಕೆ. ಹೌದು... ನನ್ನದೇ ಅಕ್ಷರ. "ಮಹಡಿ: ಬಲ್ಬು ಒಂದು, ಫ್ಯಾನು ಒಂದು." ಅದನ್ನೇ ಅಂಟಿಸಿದ್ದಾನೆ. ಬಲ್ಬು ಒಂದು, ಫ್ಯಾನು ಒಂದು. ಎರಡು ಆಂಪಿಯರು ಧಾರಾಳ ಸಾಕು. ಲೆಕ್ಕ ಸರಿಯೇ ಉಂಟು.

ಆದರೂ ಅವನು ಒಂದು ಸಲ ಮೇಲೆ ಬಂದು ನೋಡಬೇಕಿತ್ತು. ಕೆಲಸದಲ್ಲಿ ಶ್ರದ್ಧೆ ಇಲ್ಲ. ಇನ್ನು ಅವನನ್ನು ಕರೆಯುವುದೇ ಬೇಡ, ಉಡುಪಿಯಲ್ಲಿ ಬೇರೆ...

ಹಾಗೆ ನೋಡಬೇಡಿ.

ಗೊತ್ತಾಯಿತು. ಇದೇ ಮಾತು. ಇದೇ ಜಾಗದಲ್ಲಿ ನಿಂತು ಇದೇ ಮಾತು ಹೇಳಿದ್ದೆ. "ಇನ್ನು ಕುಶಲಾಳನ್ನು ಇಟ್ಟುಕೊಳ್ಳುವುದು ಬೇಡ ಬಾಯಮ್ಮ." ಈಸ್ಟರ್ ಕಳೆದ ಮರುವಾರ. ನಾಲ್ಕು ವರ್ಷ ಈ ಮನೆಯ ಕಸ ಗುಡಿಸಿದವಳು, ಆ ಹುಡುಗರ ಬಿಳಿ ಕೋಟಿಗೆ ದಿನಾ ಸಂಜೆ ಇಸ್ತ್ರಿ ಹಾಕಿದವಳು. ಅವಳು ಇಸ್ತ್ರಿ ಪೆಟ್ಟಿಗೆ ಹಿಡಿದ ಹೊತ್ತಿಗೇ ಫ್ಯೂಸು ಹೋಗುತ್ತಿತ್ತು. ಹಾಸ್ಟೆಲಿನವರ ಕೋಟನ್ನೂ ಗುಟ್ಟಾಗಿ ತರುತ್ತಾಳೆ, ನಮ್ಮ ಕರೆಂಟಿನಲ್ಲಿ ಇಸ್ತ್ರಿ ಹಾಕಿ ದುಡ್ಡು ಮಾಡುತ್ತಾಳೆ ಎಂದು ನಿಮಗೆ ಸಂಶಯ ಬಂತು. ನೀವು ನನ್ನನ್ನು ಕೇಳಿದಿರಿ. "ಮಾಸ್ಟ್ರೆ, ನೀವು ಓದಿದವರು, ನೀವೇ ಹೇಳಿ." ಅಷ್ಟೇ ಕೇಳಿದ್ದು ನೀವು.

ನಾನು ಗ್ರಾಫ್ ಕಾಗದ ತಂದೆ.

ಯಾರು ಕೇಳಿದ್ದರು ನನ್ನ ಹತ್ತಿರ ಗ್ರಾಫ್? ಅಡ್ಡಕ್ಕೆ ದಿನ, ಉದ್ದಕ್ಕೆ ಗಂಟೆ. ಫ್ಯೂಸು ಹೋದದ್ದಕ್ಕೆ ಕಪ್ಪು ಚುಕ್ಕಿ. ಇಸ್ತ್ರಿಗೆ ಕೆಂಪು ಗೆರೆ. ಪ್ರತಿ ಚುಕ್ಕಿಯೂ ಕೆಂಪು ಗೆರೆಯ ಮೇಲೆ! ನೋಡುವಾಗಲೇ ಚೆಂದ. ನೀವು ಅದನ್ನು ಮೇಜಿನ ಮೇಲೆ ಹರಡಿ ಕುಶಲಾಳನ್ನು ಕರೆದಿರಿ. ಪಾಪ, ಅವಳಿಗೆ ಗ್ರಾಫ್ ಎಂತ ಗೊತ್ತು? ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿದಳು. ನೋಡಿ... ಒಮ್ಮೆ ನನ್ನ ಮುಖ ನೋಡಿದಳು. ಒಂದೇ ಸಲ.

ಕೂತುಕೊಳ್ಳಿ ಬಾಯಮ್ಮ. ನಾನು ನಿಂತೇ ಹೇಳುತ್ತೇನೆ.

ಎರಡು ಚುಕ್ಕಿ ನಾನು ಹಾಕಲಿಲ್ಲ. ಫೆಬ್ರವರಿಯಲ್ಲಿ ಅವಳು ಎರಡು ದಿನ ರಜೆ ಮಾಡಿದ್ದಳು, ಶಂಕರಪುರದಲ್ಲಿ ಅಕ್ಕನ ಬಾಳಂತನ. ಆ ಎರಡು ದಿನವೂ ಫ್ಯೂಸು ಹೋಗಿತ್ತು. ಅದು ನಾನು ಬರೆದಿಡುವ ಪುಸ್ತಕದಲ್ಲಿ ಉಂಟು. ಗ್ರಾಫಿನಲ್ಲಿ ಇಲ್ಲ. ಲ್ಯಾಬಿನಲ್ಲಿ ಹುಡುಗರು ಹೀಗೆ ಸರಿಬಾರದ ರೀಡಿಂಗ್ ಬಿಟ್ಟರೆ ನಾನು ರೆಕಾರ್ಡು ಪುಸ್ತಕವನ್ನೇ ತಿರುಗಿ ಎಸೆಯುತ್ತೇನೆ. "ಸುಳ್ಳು ಬರೆಯುವುದಾದರೆ ಸೈನ್ಸ್ ಯಾಕೆ ಮಾರಾಯ?" ಎಂದು ಗದರುತ್ತೇನೆ.

ಇಸ್ತ್ರಿ ಪೆಟ್ಟಿಗೆ ಏಳುನೂರೈವತ್ತು ವಾಟ್. ಮೂರೂಕಾಲು ಆಂಪಿಯರು. ಹಳೆಯ ಫ್ಯೂಸು ಐದರದ್ದು. ಬರೇ ಇಸ್ತ್ರಿಗೆ ಅದು ಹೋಗುವುದೇ ಇಲ್ಲ. ಆವತ್ತೂ ಗೊತ್ತಿತ್ತು ನನಗೆ. ಜೊತೆಗೆ ಇನ್ನೊಂದು ಬೇಕು.

ಇನ್ನೊಂದು... ನನ್ನ ಮಂಚದ ಅಡಿಯಲ್ಲಿ ಉಂಟು.

ಕರೆಂಟಿನ ಒಲೆ. ಮಣ್ಣಿನ ತಟ್ಟೆ, ಕಾಯಿಲು. ಸಾವಿರ ವಾಟ್. ಎರಡೂ ಸೇರಿದರೆ ಏಳೂವರೆ ಆಂಪಿಯರು ದಾಟುತ್ತದೆ. ಕೋಣೆ ಕೊಡುವಾಗ ನೀವು ಹೇಳಿದ್ದು ಒಂದೇ ಷರತ್ತು: "ಬಾಡಿಗೆಯಲ್ಲೇ ಕರೆಂಟು ಬಂತು, ಒಲೆ ಗಿಲೆ ಇಡಬೇಡಿ ಮಾಸ್ಟ್ರೆ." ನಾನು ತಲೆ ಆಡಿಸಿದ್ದೆ. ಕೆಳಗಿನ ಕೋಣೆಯ ಮ್ಯಾಥ್ಯೂ ಒಂದು ಸಲ ಕೇಳಿದ, ಮೇಲಿನಿಂದ ಎಂತ ಮಾಸ್ಟ್ರೆ, ಗಂಜಿಯ ಪರಿಮಳ ಬರ್ತದೆ ಎಂದು. ಪ್ರಯೋಗ ಮಾಡುತ್ತಿದ್ದೇನೆ ಎಂದೆ.

ಗಂಜಿಯೇ ಬಾಯಮ್ಮ. ಗಂಜಿ, ಒಂದು ಹಪ್ಪಳ. ಮತ್ತೆಂತದ್ದೂ ಇಲ್ಲ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಊಟ ಇಲ್ಲ. ಬಜಗೋಳಿಯಿಂದ ಬಸ್ಸು ಹತ್ತುವಾಗ ಅಮ್ಮ ಅದೊಂದೇ ಮಾತು ತೆಗೆದುಕೊಂಡದ್ದು. ಹೋಟೆಲಿನಲ್ಲಿ ಏಳೂವರೆಗೆ ಮೊದಲು ರಾತ್ರಿಯ ಊಟ ಇಲ್ಲ. ಹೊರಗೆ ತಿನ್ನುತ್ತೇನೆ ಎಂದು ನಿಮಗೆ ಹೇಳುತ್ತಿದ್ದದ್ದು ಸುಳ್ಳು. ಕಾಲೇಜು ಬಿಟ್ಟು ಬಂದು, ಐದೂವರೆಗೆ ಬಾಗಿಲು ಹಾಕಿ, ಒಲೆ ಹೊತ್ತಿಸಿ...

ಗೊತ್ತು. ನೀವು ಹೇಳುವುದು ಗೊತ್ತು. ಕೇಳಿದ್ದರೆ ನಿಮ್ಮ ಅಡಿಗೆಮನೆಯಲ್ಲೇ ಒಂದು ಒಲೆ ಬಿಟ್ಟು ಕೊಡುತ್ತಿದ್ದಿರಿ. ಒಂದು ಹೊಸ ಪಾತ್ರೆಯನ್ನೂ ಕೊಡುತ್ತಿದ್ದಿರಿ. ಕೇಳಬೇಕಿತ್ತು. ಕೇಳುವುದಾದರೆ ಎಂತ ಎಂದು ಕೇಳಲಿ? ನಿಮ್ಮ ಮೀನಿನ ಪಾತ್ರೆಯಲ್ಲಿ ನನಗಾಗುವುದಿಲ್ಲ ಎಂದಾ? ಮೊಂತಿ ಹಬ್ಬದ ದಿನ ಬಾಳೆಲೆ ಮುಚ್ಚಿ ಇಡ್ಲಿಯ ಹಾಗಿನ ಸಾನ್ನ ಕೊಟ್ಟು ಕಳಿಸಿದ್ದಿರಿ, ಬಿಸಿಬಿಸಿ. ಶೇಂದಿ ಹಾಕಿ ಹುದುಗಿಸಿದ್ದು. ನಾನು ತಿನ್ನಲಿಲ್ಲ. ಮರುದಿನ ಭಾರೀ ರುಚಿ ಎಂದೆ. ಕುಶಲಾಳಿಗೆ ಕೊಟ್ಟಿದ್ದೆ ಅದನ್ನು.

ಹೌದು, ಅವಳಿಗೆ ಗೊತ್ತಿತ್ತು. ಮಂಚದ ಅಡಿ ಗುಡಿಸುವವಳು ಅವಳೇ ಅಲ್ವಾ? ಒಲೆಯನ್ನು ಆಚೆ ಸರಿಸಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಮೇಲೆ ನನ್ನ ಹಳೆಯ ಪಂಚೆ ಮುಚ್ಚುತ್ತಿದ್ದಳು. ಒಂದು ದಿನವೂ ಆ ಮಾತು ಎತ್ತಲಿಲ್ಲ. ನೀವು ಅವಳಿಗೆ ಕಳ್ಳಿ ಎಂದಾಗ ಒಂದು ಮಾತು ಹೇಳಿದ್ದರೆ ಸಾಕಿತ್ತು, "ಮಾಸ್ಟ್ರ ಮಂಚದ ಅಡಿ ನೋಡಿ" ಅಂತ. ಹೇಳಲಿಲ್ಲ. "ನಾನು ಯಾರ ಕೋಟೂ ತಂದಿಲ್ಲ ಬಾಯಮ್ಮ" ಎಂದಳು, ಅಷ್ಟೇ. ಚಪ್ಪಲಿ ಹಾಕಿಕೊಂಡು ಹೋದಳು. ನಾನು ಗ್ರಾಫ್ ಕಾಗದ ಮಡಚುತ್ತಾ ನಿಂತಿದ್ದೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಬೇಡಿ.

ಹೋದ ತಿಂಗಳು ಕಾಪುವಿಗೆ ಹೋಗುವ ಬಸ್ಸಿನಲ್ಲಿ ಸಿಕ್ಕಿದ್ದಳು. ಈಗ ಅಕ್ಕನ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾಳಂತೆ. ಇಲ್ಲಿ ಮಣಿಪಾಲದಲ್ಲಿ ಯಾರೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ... ನೀವು ಎಲ್ಲರಿಗೂ ಹೇಳಿದ್ದಿರಲ್ಲ. ನೀವು ಹೇಳಿದ್ದು ನನ್ನ ಮಾತು ನಂಬಿ. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅವಳೇ ಬಗ್ಗಿ ಮಾತಾಡಿಸಿದಳು. ಬೈಯಲಿಲ್ಲ. "ಮಾಸ್ಟ್ರೆ, ಹೊತ್ತು ಮುಳುಗುವ ಮೊದಲು ಊಟ ಆಗ್ತದಾ?" ಎಂದು ಕೇಳಿದಳು. ಅಷ್ಟು ಜನರ ನಡುವೆ. ನನ್ನ ಸ್ಟಾಪು ಇನ್ನೂ ದೂರ ಇತ್ತು. ಇಳಿದುಬಿಟ್ಟೆ. ಮಳೆಯಲ್ಲಿ ಎರಡು ಮೈಲು ನಡೆದೆ.

ಎಲ್ಲಿಗೆ ಬಾಯಮ್ಮ? ಆ ಕೊಡೆ ಯಾಕೆ... ಶಂಕರಪುರಕ್ಕಾ? ಈಗಲಾ? ಕಾಫಿಯೂ ಕುಡಿಯದೆ? ಬೇಡ, ನಾನು ಹೋಗುತ್ತೇನೆ. ನಾನು ಹೋಗಿ ಅವಳ ಅಕ್ಕನ ಎದುರು, ಬಾವನ ಎದುರು ಹೇಳುತ್ತೇನೆ. ಒಲೆಯನ್ನೂ ಈಗಲೇ ಕೆಳಗೆ ತರುತ್ತೇನೆ. ಕೋಣೆ ಖಾಲಿ ಮಾಡು ಅಂದರೆ ಮಾಡುತ್ತೇನೆ. ನೀವು ಬೈಯಿರಿ. ಒಂದು ಮಾತು ಬೈಯಿರಿ ಬಾಯಮ್ಮ.

ಎಲ್ಲ ಹೇಳಿದೆನಲ್ಲ. ಇನ್ನೆಂತ?

ಕೂತಿರಾ ಪುನಃ... ಕಾಯುತ್ತಿದ್ದೀರಿ. ಯಾವುದಕ್ಕೆ? ಹೇಳಿದೆನಲ್ಲ ಎಲ್ಲ. ಒಲೆ ಹೇಳಿದೆ, ಗ್ರಾಫು ಹೇಳಿದೆ...

ನೆರೆಮನೆಯ ಇಮೆಲ್ಡಾ ಬಾಯಮ್ಮನಿಗೆ ನೀವು ಹೇಳುತ್ತಿದ್ದದ್ದು ಮೇಲೆ ನನಗೆ ಕೇಳುತ್ತಿತ್ತು. "ಕುಶಲಾ ಹೋದದ್ದೇ ಹೋದದ್ದು, ಫ್ಯೂಸು ಒಂದು ಸಲವೂ ಹೋಗಲಿಲ್ಲ ನೋಡಿ. ಇದಕ್ಕಿಂತ ಸಾಕ್ಷಿ ಬೇಕಾ?" ಮೂರು ತಿಂಗಳಿಂದ ಅದೇ ಮಾತು, ಇಗರ್ಜಿಯ ಅಂಗಳದಲ್ಲೂ. ನಿಮ್ಮ ಮನಸ್ಸಿಗೆ ಅದೊಂದೇ ಸಮಾಧಾನ ಇತ್ತೋ ಏನೋ.

ಹೋಗುತ್ತಿತ್ತು.

ಸಂಜೆ ಒಲೆ ಹೊತ್ತಿರುವಾಗ ನಿಮ್ಮ ಫ್ರಿಜ್ಜು ಶುರುವಾದರೂ ಸಾಕು, ಹೋಗುತ್ತಿತ್ತು. ಆ ಹೊತ್ತಿಗೆ ನೀವು ಹಂದಿಗೂಡಿನ ಹತ್ತಿರ. ನಾನು ಬರಿಗಾಲಲ್ಲಿ ಮೆಟ್ಟಿಲು ಇಳಿದು, ಜೇಬಿನಿಂದ ವಯರು ತೆಗೆದು ಕಟ್ಟಿ, ನೀವು ಕೈಕಾಲು ತೊಳೆದು ಒಳಗೆ ಬರುವ ಮೊದಲು ಮೇಲೆ ಹೋಗಿರುತ್ತಿದ್ದೆ. ಹಾಗೆ ಕಟ್ಟಿ ಕಟ್ಟಿಯೇ ಆ ಪಿಂಗಾಣಿ ಒಡೆದದ್ದು. ನಿನ್ನೆಯೂ ವಯರು ಜೇಬಿನಲ್ಲಿತ್ತು, "ಮಹಡಿ" ಎಂದು ಬರೆದದ್ದರ ಮೇಲೆ ಕೈ ಹೋಗಲಿಲ್ಲ.

ಬರೆದಿಟ್ಟಿದ್ದೇನೆ. ದಿನ, ಗಂಟೆ, ಎಲ್ಲ. ಬರೆಯದೆ ಇರಲಿಕ್ಕೆ ನನಗಾಗುವುದಿಲ್ಲ. ಪುಸ್ತಕ ಇಲ್ಲೇ ಉಂಟು... ತೆಗೆದುಕೊಳ್ಳಿ. ನಾನೇ ಓದಬೇಕಾ?

ಕುಶಲಾ ಹೋದದ್ದು ಏಪ್ರಿಲ್ ಹತ್ತೊಂಬತ್ತು, ಸೋಮವಾರ. ಹಳೆಯ ಪೆಟ್ಟಿಗೆ ತೆಗೆದದ್ದು ಜುಲೈ ಹದಿನಾರು, ಶುಕ್ರವಾರ. ನಡುವೆ ಫ್ಯೂಸು ಹೋದದ್ದು ಇಪ್ಪತ್ತಮೂರು ಸಲ.