ಅಂಟವಾಳದ ನೀರು

ಸೋಲಾಪುರದ ಬಸ್ ನಿಲ್ದಾಣದಲ್ಲಿ ಮೈಂದರ್ಗಿಯ ಬಸ್ಸಿಗೆಂದು ಕಾದು ಕಾದು ಬೇಸತ್ತಿದ್ದ ಗುರಮ್ಮನ ಪಕ್ಕದಲ್ಲೇ ಆ ಗಂಡಹೆಂಡತಿ ಬಂದು ಕೂತರು. ಗಂಡನ ಅಂಗೈಯಲ್ಲಿ ಬಂಗಾರದ ಕೈಗಡಿಯಾರವಿತ್ತು.

“ನೂಲಿನ ಗಿರಣಿ ಬಂದ್ ಆದ್ರ ಇದನ್ನ ಮಾರಿ ವರ್ಷ ಉಣಬಹುದು ಅಂತಿದ್ರಿ,” ಎಂದಳು ಹೆಂಡತಿ.

“ಅಂದಿದ್ನಿ. ಗಿರಣಿ ಬಂದ್ ಆತು. ಈಗ ನೋಡಿದ್ರ, ಒಳಗೆಲ್ಲ ತುಕ್ಕ, ಜಂಗ ಹಿಡದದ, ಮ್ಯಾಲಿನ ಬಂಗಾರದ ತೂಕಕ್ಕಷ್ಟ ರೊಕ್ಕ ಕೊಡ್ತೀನಿ ಅಂತಾನ ಅಂಗಡ್ಯಾಂವ.”

“ಬಂಗಾರಕ್ಕ ಎಲ್ಲಿ ಜಂಗರಿ?”

“ನನಗೂ ಅದ ತಿಳೀವಲ್ದು. ಸವೀತದಂತ ಒಂದ ದಿನಾನೂ ಕೈಗಿ ಕಟ್ಟಿಲ್ಲ. ಟ್ರಂಕಿನ್ಯಾಗ ಇಟ್ಟಿದ್ನಿ.”

“ನಾನೂ ಜ್ವಾಪಾನ ಮಾಡೀನ್ರಿ. ಲಕ್ಷ್ಮೀ ಪೂಜಿ ಬಂತಂದ್ರ ನನ್ನ ಕೈಯಾನ ಪಾಟ್ಲಿ ಜೋಡಿ ಅಂಟವಾಳದ ನೀರಾಗ ರಾತ್ರಿಪೂರಾ ನೆನಿ ಇಟ್ಟು ತೊಳದೀನಿ.”

“ಇದನ್ನೂ?”

“ಬಂಗಾರ ಅಂತ ನೀವ ಹೇಳಿದ್ರೆಲ್ಲ?”

ಗಂಡ ಗಡಿಯಾರವನ್ನು ಕಿವಿಗೆ ಹಿಡಿದು ಅಲುಗಿಸಿ, ಹಣೆ ಚಚ್ಚಿಕೊಂಡ. ತಪ್ಪೇನಾಯಿತೆಂದು ಗುರಮ್ಮನಿಗೂ ಹೊಳೆಯಲಿಲ್ಲ. ಬಂಗಾರವನ್ನು ಮತ್ತೆ ಹೇಗೆ ತೊಳೆಯುತ್ತಾರೆ?

ಅಷ್ಟರಲ್ಲಿ ಅಕ್ಕಲಕೋಟೆಯ ಬಸ್ಸು ಬಂತು. ಇಬ್ಬರೂ ಎದ್ದರು. ಗಂಡ ಗಡಿಯಾರವನ್ನು ನಿಧಾನಕ್ಕೆ ಮಣಿಕಟ್ಟಿಗೆ ಕಟ್ಟಿಕೊಂಡ.

“ಅಯ್ಯ, ಸವೀತದಂತಿದ್ರೆಲ್ಲ?”

“ಇನ್ನೇನ ಸವೀತದ, ನಡಿ,” ಎಂದು ಅವನು ಬಸ್ಸು ಹತ್ತಿದ.